ನೂಲು ಹುಣ್ಣಿಮೆಗೆ ಮಲ್ಪೆಯ ಸಮುದ್ರ ಪೂಜೆಗೆ ಹೋಗೋಣ ಅಂತಿದ್ದೇವೆ, ಗೊತ್ತಿದ್ದವರು ಹೇಳಿ

ಜೋಡುಪಾಲದವಳು
ಜುಲೈ 6, ರಾತ್ರಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕಾಫಿ ರೇಟು, ಆನೆ ಕಾಟ, ರಸ್ತೆ ಗುಂಡಿ ಬಗ್ಗೆ ನೀವೆಲ್ಲ ಬರೆಯುವುದನ್ನು ದಿನಾ ಓದುತ್ತೇನೆ. ನಾನು ಬರೆಯುವುದು ಕಮ್ಮಿ. ಇವತ್ತು ಒಂದು ವಿಷಯ ಕೇಳಬೇಕು. ಸ್ವಲ್ಪ ಉದ್ದ ಆಗುತ್ತದೆ.

2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಜೋಡುಪಾಲದ ಕಡೆ ಗುಡ್ಡ ಜಾರಿದಾಗ ನಾವು ಉಟ್ಟ ಬಟ್ಟೆಯಲ್ಲೇ ಕೆಳಗೆ ಇಳಿದೆವು. ಮಡಿಕೇರಿ ಕಡೆ ಹೋಗಲು ರಸ್ತೆಯೇ ಇರಲಿಲ್ಲ. ಹಾಗಾಗಿ ಸಂಪಾಜೆ ಕಡೆಗೆ ಬಂದು ಶಿಬಿರ ಸೇರಿದೆವು. ಮೂರನೇ ದಿನವೋ ನಾಲ್ಕನೇ ದಿನವೋ ಕರಾವಳಿಯಿಂದ ಒಂದು ಲಾರಿ ಬಂತು. ಅಕ್ಕಿ, ಚಾಪೆ, ಹೊದಿಕೆ, ಮಕ್ಕಳಿಗೆ ಬಿಸ್ಕತ್ತು. ಇಳಿಸುತ್ತಿದ್ದವರು ಮೀನುಗಾರರು. ಲಾರಿಯಲ್ಲಿ ಇನ್ನೂ ಮೀನಿನ ವಾಸನೆ ಇತ್ತು, ಅದನ್ನು ಮರೆಯುವ ಹಾಗೇ ಇಲ್ಲ. ಅವರಲ್ಲಿ ಒಬ್ಬರು ನಮ್ಮ ಅವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳಿದರು, "ನಮ್ಮದು ಕಡಲ ಬದುಕು ಅಮ್ಮ. ನೀರು ಏನು ಮಾಡುತ್ತದೆ ಅಂತ ನಮಗೆ ಗೊತ್ತು." ಹೊರಡುವಾಗ ಇನ್ನೊಂದು ಮಾತು ಹೇಳಿದರು. "ಹುಣ್ಣಿಮೆ ಹತ್ತಿರ ಬಂತು. ಸಮುದ್ರ ಪೂಜೆ ಮುಗಿಸಿ ದೋಣಿ ಇಳಿಸಬೇಕು. ನಿಮ್ಮ ಹೆಸರಲ್ಲೂ ಒಂದು ಕಾಯಿ ಬಿಡುತ್ತೇವೆ."

ಆ ವರ್ಷ ನೂಲು ಹುಣ್ಣಿಮೆ ಆಗಸ್ಟ್ 26ಕ್ಕೆ ಇತ್ತು. ನಾವು ಆಗಲೂ ಶಿಬಿರದಲ್ಲೇ ಇದ್ದೆವು. ಅವ್ವ ಆ ರಾತ್ರಿ ಚಂದ್ರನನ್ನು ನೋಡಿ, ನಮ್ಮ ಕಾಯಿ ಬಿಟ್ಟಿರುತ್ತಾರೆ ಅಂದರು. ಇವತ್ತಿಗೂ ಪ್ರತಿ ವರ್ಷ ಆ ಹುಣ್ಣಿಮೆಗೆ ಅದೇ ಮಾತು. ಅವರಿಗೆ ಈಗ 71. ಕಡಲನ್ನು ಒಂದು ಸಲವೂ ಮುಟ್ಟಿಲ್ಲ. ಈ ಸಲ ಕರೆದುಕೊಂಡು ಹೋಗಲೇಬೇಕು ಅಂತ ತೀರ್ಮಾನ ಮಾಡಿದ್ದೇನೆ. ನಾವು ಶಿಬಿರದಲ್ಲಿದ್ದ ಇನ್ನೆರಡು ಮನೆಯವರೂ ಬರುತ್ತಾರೆ, ಒಂದು ಜೀಪು ತುಂಬುತ್ತದೆ.

ಹೊರಗಿನವರು ಆ ಪೂಜೆಗೆ ಹೋಗಬಹುದಾ? ಏನು ತೆಗೆದುಕೊಂಡು ಹೋಗಬೇಕು? ಎಲ್ಲಿ ನಿಲ್ಲಬೇಕು? ತಿಳಿದವರು ದಯವಿಟ್ಟು ಹೇಳಿ.


ಏಲಕ್ಕಿಮಲೆ
ಜುಲೈ 6, ರಾತ್ರಿ

ಅಕ್ಕ, ನಿಮ್ಮ ಮನಸ್ಸು ಅರ್ಥ ಆಗುತ್ತದೆ. ಆದರೂ ನನಗೆ ಅನಿಸಿದ್ದನ್ನು ಹೇಳಿಬಿಡುತ್ತೇನೆ. ಹೋಗಬೇಡಿ.

ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಈಗ ಏನಾಗುತ್ತದೆ ನೋಡಿ. ತೀರ್ಥ ಉಕ್ಕುವ ಹೊತ್ತಿಗೆ ನಮ್ಮ ಹಿರಿಯರು ಕಣ್ಣು ಮುಚ್ಚಿ ಕೈಮುಗಿದು ನಿಂತಿರುತ್ತಾರೆ. ಅವರ ತಲೆ ಮೇಲಿಂದ ನೂರು ಮೊಬೈಲು. ನನ್ನ ಅಜ್ಜಿ ಹಿಂದಿನ ಸಲ ಕೊಳದ ಹತ್ತಿರವೂ ಹೋಗಲಾಗದೆ ವಾಪಸ್ ಬಂದರು. ನಮ್ಮ ಹಬ್ಬವನ್ನು ಬೇರೆಯವರು ಬಂದು ನೋಡುವ ಆಟ ಮಾಡಿದಾಗ ಎಷ್ಟು ಬೇಜಾರಾಗುತ್ತದೆ ಅಂತ ನಮಗೆ ಚೆನ್ನಾಗಿ ಗೊತ್ತು. ಅದನ್ನೇ ನಾವು ಇನ್ನೊಬ್ಬರಿಗೆ ಮಾಡಬೇಕಾ?


ಜೋಡುಪಾಲದವಳು
ಜುಲೈ 6, ರಾತ್ರಿ

ನೀವು ಹೇಳಿದ್ದು ಸರಿ ಇದೆ. ಅದಕ್ಕೇ ಮೊದಲು ಕೇಳುತ್ತಿದ್ದೇನೆ. ಆ ಊರಿನವರು ಬೇಡ ಅಂದರೆ ಹೋಗುವುದಿಲ್ಲ. ಅವ್ವನಿಗೆ ನಾನೇ ಹೇಳುತ್ತೇನೆ.


ಕಡಲಮಗಳು
ಜುಲೈ 7, ಮಧ್ಯಾಹ್ನ

ನಾನು ಮಲ್ಪೆಯವಳು. ಗೋಣಿಕೊಪ್ಪಕ್ಕೆ ಮದುವೆಯಾಗಿ ಬಂದು ಹದಿನೈದು ವರ್ಷ ಆಯಿತು. ನಮ್ಮದು ಮೊಗವೀರರ, ಅಂದರೆ ಮೀನುಗಾರರ, ಮನೆ. ಅಪ್ಪ ಟ್ರಾಲ್ ಬೋಟಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದರು, ಕಡೆಗೆ ತಂಡೇಲರಾದರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು. ಅಮ್ಮ ಬುಟ್ಟಿ ಹೊತ್ತು ಮೀನು ಮಾರಿದವರು. ನಿಮ್ಮ ಬರಹ ಓದಿ ಅಮ್ಮನಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟು: "ಬರಲು ಹೇಳು. ಕಡಲಿಗೆ ಯಾರೂ ಹೊರಗಿನವರಲ್ಲ."

ಈಗ ನನ್ನ ಮಾತು. ಏಲಕ್ಕಿಮಲೆಯವರು ಹೇಳಿದ್ದನ್ನು ತಳ್ಳಿಹಾಕುವುದಿಲ್ಲ. ಆ ದಿನವನ್ನು ತಿಳಿದುಕೊಂಡು ಬಂದರೆ ಚೆಂದ. ಅದಕ್ಕೆ ಸ್ವಲ್ಪ ಹೇಳುತ್ತೇನೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. 10 ಅಶ್ವಶಕ್ತಿವರೆಗಿನ ಮೋಟರ್ ಇರುವ ನಾಡದೋಣಿಗಳಿಗೆ ಮಾತ್ರ ಬಿಡುತ್ತಾರೆ. ಆ ಎರಡು ತಿಂಗಳು ಮನೆಯಲ್ಲಿ ಹೇಗಿರುತ್ತದೆ ಅಂದರೆ, ಅಪ್ಪ ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಿದ್ದರು. ಹೆಬ್ಬೆರಳಿಗೆ ಹಳೇ ಬಟ್ಟೆ ಸುತ್ತಿಕೊಂಡು, ಬಲೆಯ ಒಂದು ತುದಿಯನ್ನು ಕಾಲ್ಬೆರಳಲ್ಲಿ ಸಿಕ್ಕಿಸಿ ಎಳೆದು ಹಿಡಿದು, ಬೆಳಗಿನಿಂದ ಸಂಜೆವರೆಗೆ. ಅಮ್ಮನ ಬಳೆ ಜುಲೈ ಬರುವಷ್ಟರಲ್ಲಿ ಅಡವಿಗೆ ಹೋಗಿರುತ್ತಿತ್ತು. ನನ್ನ ಶಾಲೆಯ ಫೀಸು ಯಾವಾಗಲೂ ಸೆಪ್ಟೆಂಬರ್‌ನಲ್ಲೇ ಕಟ್ಟುತ್ತಿದ್ದದ್ದು. ಮಳೆ ಹೊಡೆಯುತ್ತಿರುತ್ತದೆ, ಕಡಲು ರಾತ್ರಿ ಇಡೀ ಗರ್ಜಿಸುತ್ತಿರುತ್ತದೆ, ಮನೆಯಲ್ಲಿ ಎಲ್ಲರೂ ಅಪ್ಪನ ಮುಖ ನೋಡುತ್ತಿರುತ್ತೇವೆ.

ಹಾಗೆ ಕಾದ ಮೇಲೆ ಬರುವ ಹುಣ್ಣಿಮೆ ಅದು. ಬ್ರಾಹ್ಮಣರಿಗೆ ಜನಿವಾರ ಬದಲಿಸುವ ದಿನ, ನಿಮ್ಮ ಮಕ್ಕಳಿಗೆ ರಾಖಿ ಹಬ್ಬ. ನಮಗೆ ಅದು ಹೊಸ ವರ್ಷ ಇದ್ದ ಹಾಗೆ. ಮಹಾರಾಷ್ಟ್ರದಲ್ಲಿ ಕೋಳಿ ಅನ್ನುವ ಮೀನುಗಾರ ಜನ ಅದೇ ದಿನ ನಾರಳಿ ಪೂರ್ಣಿಮೆ ಅಂತ ಕಡಲಿಗೆ ತೆಂಗಿನಕಾಯಿ ಕೊಡುತ್ತಾರೆ.

ಬೆಳಿಗ್ಗೆ ಮಿಂದು ಮಡಿ ಬಟ್ಟೆ ಉಟ್ಟು ಮೊದಲು ಬೊಬ್ಬರ್ಯನ ಗುಡಿ. ಬೊಬ್ಬರ್ಯ ಕಡಲ ಕಾಯುವ ದೈವ. ಆಮೇಲೆ ವಡಭಾಂಡೇಶ್ವರದ ಬಲರಾಮ ದೇವರು. ಮಧ್ವಾಚಾರ್ಯರು ಬಿರುಗಾಳಿಗೆ ಸಿಕ್ಕಿದ ಹಡಗನ್ನು ದಡಕ್ಕೆ ತಂದದ್ದು, ಅದರಲ್ಲಿದ್ದ ಗೋಪಿಚಂದನದ ಹೆಂಟೆಯಲ್ಲಿ ದೇವರು ಸಿಕ್ಕಿದ್ದು, ಆ ಕಥೆ ನಿಮಗೂ ಗೊತ್ತಿರಬೇಕು. ಉಡುಪಿಯ ಕೃಷ್ಣ, ನಮ್ಮ ಬಲರಾಮ, ಇಬ್ಬರೂ ಕಡಲಿನಿಂದಲೇ ಬಂದವರು. ಅಲ್ಲಿಂದ ವಾದ್ಯದ ಜೊತೆ ಎಲ್ಲರೂ ದಡಕ್ಕೆ. ಪೂಜೆ ಆಗುತ್ತದೆ. ಹಾಲು ಎರೆಯುತ್ತಾರೆ, ಹೂವು, ಹಣ್ಣು, ತೆಂಗಿನಕಾಯಿ ಬಿಡುತ್ತಾರೆ.

ಅಪ್ಪ ಹಾಲು ಎರೆದ ಮೇಲೆ ಬೊಗಸೆಯಲ್ಲಿ ನೀರು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಏನೂ ಹೇಳುತ್ತಿರಲಿಲ್ಲ. ಅಮ್ಮ ಮಾತ್ರ ಗಟ್ಟಿಯಾಗಿ "ಕಡಲಪ್ಪೆ" ಅನ್ನುತ್ತಿದ್ದರು. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ.

ತರಬೇಕಾದ್ದು: ಹಾಲು, ಒಂದು ಕಾಯಿ, ಬಿಡಿ ಹೂವು. ಅಷ್ಟೇ. ಹಾಲು ಪ್ಯಾಕೆಟಿನಲ್ಲಿ ತರಬೇಡಿ, ಪಾತ್ರೆಯಲ್ಲಿ ತನ್ನಿ. ಪ್ಯಾಕೆಟ್ ಕತ್ತರಿಸಿದ ಮೂಲೆ ಚೂರು ಮರಳಿನಲ್ಲಿ ಬಿದ್ದರೆ ಅದು ಸೀದಾ ಬಲೆಗೇ ಬರುತ್ತದೆ. ಹೂವಿನ ಜೊತೆ ಪ್ಲಾಸ್ಟಿಕ್ ದಾರ ಬೇಡ. ಮೊಬೈಲನ್ನು ಹಾಲು ಎರೆಯುವ ಹೊತ್ತಿಗೆ ಒಳಗಿಡಿ. ಮಕ್ಕಳನ್ನು ನೀರಿಗೆ ಬಿಡಲೇಬೇಡಿ. ಆಗಸ್ಟ್‌ನಲ್ಲಿ ಕಡಲು ಇನ್ನೂ ಶಾಂತವಾಗಿರುವುದಿಲ್ಲ, ಒಂದು ಅಲೆ ಸಾಕು.

ಇನ್ನೊಂದು ಮಾತು. ಕ್ಯಾಲೆಂಡರಿನ ತಾರೀಕು ನೋಡಿ ಹೊರಡಬೇಡಿ, ಹುಣ್ಣಿಮೆ ನೋಡಿ. ಅಧಿಕ ಶ್ರಾವಣ ಬಂದ 2023ರಲ್ಲಿ ಅದು ಆಗಸ್ಟ್ 30ಕ್ಕೆ ಹೋಗಿತ್ತು. 2025ರಲ್ಲಿ 9ಕ್ಕೇ ಬಂತು. ಅಮ್ಮನ ಹತ್ತಿರ ಸರಿಯಾದ ದಿನ, ಹೊತ್ತು ಕೇಳಿ ನಿಮಗೆ ತಿಳಿಸುತ್ತೇನೆ.


ಏಲಕ್ಕಿಮಲೆ
ಜುಲೈ 7, ಸಂಜೆ

ಅಕ್ಕ, ಆ ಊರಿನವರೇ ಕರೆದ ಮೇಲೆ ನನ್ನ ಮಾತು ವಾಪಸ್. ಕಡಲಮಗಳು ಬಲೆ ಹೆಣೆಯುವ ಬಗ್ಗೆ ಬರೆದದ್ದನ್ನು ಎರಡು ಸಲ ಓದಿದೆ.


ಕಕ್ಕಡ ಹದಿನೆಂಟು
ಜುಲೈ 7, ರಾತ್ರಿ

ಓದುತ್ತಾ ಹೋದ ಹಾಗೆ ನನಗೆ ನಮ್ಮ ಕೈಲ್ ಪೊಳ್ದ್, ಅಂದರೆ ಆಯುಧ ಪೂಜೆಯ ಹಬ್ಬ, ನೆನಪಾಯಿತು. ಕೊಡವರಲ್ಲದವರಿಗೂ ಕೈಲ್ ಮುಹೂರ್ತ ಅಂದರೆ ಗೊತ್ತು. ಆದರೆ ಈಗಿನ ಮಕ್ಕಳಿಗೆ ಅದು ಹಂದಿ ಕರಿ, ಕಡಂಬಿಟ್ಟು ತಿನ್ನುವ ದಿನ ಮಾತ್ರ. ಅದರ ಹಿಂದೆ ಏನಿತ್ತು ಅಂತ ನನ್ನ ಅಜ್ಜ ಹೇಳುತ್ತಿದ್ದರು.

ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ಅರ್ಧದಿಂದ ಆಗಸ್ಟ್ ಅರ್ಧದವರೆಗೆ, ನಾಟಿ. ಮನೆಯ ಎಲ್ಲರೂ ಗದ್ದೆಯಲ್ಲಿ. ಬೇಟೆ ಇಲ್ಲ, ಮದುವೆ ಇಲ್ಲ. ಕೋವಿ ಒಳಗೆ ಇಟ್ಟರೆ ಇಟ್ಟ ಹಾಗೇ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್. ಐನ್‌ಮನೆಯ (ಕುಟುಂಬದ ಮೂಲ ಮನೆಯ) ಕನ್ನಿಕೋಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಕೋವಿ, ಒಡಿಕತ್ತಿ ಎಲ್ಲ ತೊಳೆದು ಸಾಲಾಗಿ ಇಟ್ಟು, ಕೋವಿಗೆ ತೋಕ್ ಪೂ ಅನ್ನುವ ಹೂವು ಮುಡಿಸಿ ಪೂಜೆ. ಆಮೇಲೆ ಹಿರಿಯರು ಕೋವಿಯನ್ನು ಕೈಗೆ ಕೊಡುವುದು. ಆವತ್ತಿನಿಂದ ಮತ್ತೆ ಬೇಟೆಗೆ ಕಾಡಿಗೆ ಹೋಗುತ್ತಿದ್ದರು.

ಅವರು ದೋಣಿ ದಡಕ್ಕೆ ಎಳೆದಿಟ್ಟರು, ನಾವು ಕೋವಿ ಒಳಗಿಟ್ಟೆವು. ಅವರಿಗೆ ಮೀನು ಮೊಟ್ಟೆ ಇಡುವ ಕಾಲ, ನಮ್ಮ ಕಾಡಿನಲ್ಲೂ ಪ್ರಾಣಿಗಳು ಬಸಿರಾಗುವ ಕಾಲ ಅಂತಲೇ ಅಜ್ಜ ಹೇಳುತ್ತಿದ್ದರು. ನಾವು ಕಾವೇರಮ್ಮೆ ಅನ್ನುತ್ತೇವೆ, ಅವರು ಕಡಲಪ್ಪೆ ಅನ್ನುತ್ತಾರೆ. ಇಷ್ಟು ವರ್ಷ ಕರಾವಳಿಗೆ ಮದುವೆ, ಆಸ್ಪತ್ರೆ ಅಂತ ಹೋಗಿ ಬಂದಿದ್ದೇನೆ, ಈ ಹೋಲಿಕೆ ಹೊಳೆದೇ ಇರಲಿಲ್ಲ.


ಬಸವನಹಳ್ಳಿ ತೋಟ
ಜುಲೈ 8, ಬೆಳಿಗ್ಗೆ

ವಿಷಯ ಬಂತು ಅಂತ ಕೇಳುತ್ತೇನೆ. 61 ದಿನ ಬೋಟು ಹೋಗುವುದಿಲ್ಲ ಅಂದರೆ ಜುಲೈಯಲ್ಲಿ ನಮಗೆ ಇಲ್ಲಿ ಸಿಗುವ ಮೀನು ಯಾವುದು? ಹೋದ ಭಾನುವಾರ ಒಂದು ಅಂಗಡಿಯಲ್ಲಿ ಫ್ರೆಶ್ ಬಂಗುಡೆ ಅಂತ ಕೊಟ್ಟರು. ಮನೆಗೆ ಬಂದು ಕಿವಿರು ಎತ್ತಿದರೆ ಕಂದು ಬಣ್ಣ, ಹೊಟ್ಟೆ ಒತ್ತಿದರೆ ಬೆರಳು ಒಳಗೇ ಹೋಯಿತು. ನಾನೂರು ರೂಪಾಯಿ ತಿಪ್ಪೆಗೆ ಹಾಕಿದೆ. ಮಕ್ಕಳು ಮೀನು ಬೇಕು ಅಂತ ಕಾದು ಕೂತಿದ್ದವು.


ಮೀನ್ ಗಾಡಿ
ಜುಲೈ 8, ಮಧ್ಯಾಹ್ನ

ಅಣ್ಣ, ನಾನು ಕುಶಾಲನಗರದ ಕಡೆ ಗಾಡಿಯಲ್ಲಿ ಮೀನು ಮಾರುತ್ತೇನೆ. ನಮ್ಮ ಅಪ್ಪನೂ ಇದೇ ಕೆಲಸ ಮಾಡಿದವರು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಪೂರ್ವ ಕರಾವಳಿಯಲ್ಲಿ, ಅಂದರೆ ತಮಿಳುನಾಡು, ಆಂಧ್ರ ಕಡೆ, ರಜೆ ಬೇರೆ ಸಮಯಕ್ಕೆ. ಏಪ್ರಿಲ್ 15ರಿಂದ ಜೂನ್ 14. ಹಾಗಾಗಿ ಜೂನ್ ಅರ್ಧದಿಂದ ಜುಲೈ ಕೊನೆವರೆಗೆ ನಮ್ಮಲ್ಲಿಗೆ ಬರುವ ಜಾಸ್ತಿ ಮೀನು ಆ ಕಡೆಯದ್ದು. ಬೋಟಿನಲ್ಲಿ ಕೆಲವು ದಿನ, ಲಾರಿಯಲ್ಲಿ ಕೆಲವು ದಿನ, ನಡುವೆ ಎಷ್ಟೋ ಕೈ. ಐಸ್ ಒಂದು ಕಡೆ ಕಮ್ಮಿಯಾದರೆ ಮುಗಿಯಿತು. ಉಳಿದದ್ದು ಮಂಗಳೂರು, ಕಣ್ಣೂರು ಕಡೆ ನಾಡದೋಣಿಯಲ್ಲಿ ಹಿಡಿದದ್ದು. ಅದು ಸ್ವಲ್ಪವೇ ಬರುತ್ತದೆ, ರೇಟು ಜೋರು, ಘಟ್ಟ ಹತ್ತುವ ಮೊದಲೇ ಖರ್ಚಾಗುತ್ತದೆ.

ನಾನು ಜುಲೈಯಲ್ಲಿ ವಾರಕ್ಕೆ ಎರಡು ದಿನ ಮಾತ್ರ ಗಾಡಿ ಹಾಕುತ್ತೇನೆ. ಬಾಕಿ ದಿನ ಕೆರೆ ಮೀನು, ಕಾಟ್ಲಾ, ರೋಹು. ಗಿರಾಕಿ ಬೈಯುತ್ತಾರೆ, ಸಮುದ್ರದ್ದು ಯಾಕಿಲ್ಲ ಅಂತ. ಇಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ಕೇಳುವವರು ಇರುವುದರಿಂದಲೇ ತರುವವರು ತರುತ್ತಾರೆ ಅಣ್ಣ. ಕೊಳ್ಳುವಾಗ ನೀವೇ ಕಿವಿರು ಎತ್ತಿ ನೋಡಿ, ಕೆಂಪಿರಬೇಕು. ಕಣ್ಣು ಉಬ್ಬಿರಬೇಕು, ಒಳಗೆ ಹೋಗಿರಬಾರದು. ಎತ್ತಿ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಲೇಬೇಡಿ.


ಜೋಡುಪಾಲದವಳು
ಜುಲೈ 8, ರಾತ್ರಿ

ಇದನ್ನು ಓದಿ ನನಗೆ ಒಂಥರಾ ಆಯಿತು. ಕಡಲಮಗಳ ಮನೆಯವರು ಎರಡು ತಿಂಗಳು ಬಳೆ ಅಡವಿಟ್ಟು ಕಾಯುತ್ತಾರೆ, ನಾವು ಇಲ್ಲಿ ಕೂತು ಜುಲೈಯಲ್ಲೂ ಬಂಗುಡೆ ಬೇಕು ಅನ್ನುತ್ತೇವೆ. ಮೊದಲು ಹಾಗಿರಲಿಲ್ಲ ಅಲ್ವಾ? ಅವ್ವ ಹೇಳುವ ಪ್ರಕಾರ ಆಟಿ ತಿಂಗಳಲ್ಲಿ (ಕೊಡವರು ಕಕ್ಕಡ ಅನ್ನುವುದು) ನಮ್ಮ ಮನೆಗೆ ಸಮುದ್ರದ ಹಸಿ ಮೀನು ಬರುತ್ತಲೇ ಇರಲಿಲ್ಲ. ಬೇಸಿಗೆಯಲ್ಲಿ ತಂದ ಒಣ ಮೀನು ಅಟ್ಟದಲ್ಲಿ ಇರುತ್ತಿತ್ತು. ಗದ್ದೆ ಬದುವಿನಲ್ಲಿ ಏಡಿ, ತೋಡಿನಲ್ಲಿ ಕೂಳಿ ಇಟ್ಟರೆ ಸಣ್ಣ ಮೀನು, ಕಣಿಲೆ (ಎಳೆ ಬಿದಿರು), ಅಣಬೆ, ಕೆಸ. ಆಟಿ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ. ಅಷ್ಟರಲ್ಲೇ ತಿಂಗಳು ಕಳೆಯುತ್ತಿತ್ತು.

ನಾನು ಈ ವರ್ಷದಿಂದ ಹುಣ್ಣಿಮೆವರೆಗೆ ಸಮುದ್ರದ ಮೀನು ತರುವುದಿಲ್ಲ. ಬೇರೆಯವರಿಗೆ ಹೇಳುತ್ತಿಲ್ಲ, ನಮ್ಮ ಮನೆಯ ಮಾತು.


ಕಕ್ಕಡ ಹದಿನೆಂಟು
ಜುಲೈ 8, ರಾತ್ರಿ

ನಮ್ಮ ಮನೆಯದ್ದೂ ಸೇರಿಸಿ. ಕೊಯಿಲೆ ಅನ್ನುವ ಸಣ್ಣ ಮೀನು ಸಿಕ್ಕಿದರೆ ತಿನ್ನುತ್ತೇವೆ, ಇಲ್ಲದಿದ್ದರೆ ಬೈಂಬಳೆ, ಅಂದರೆ ಕಣಿಲೆ, ಕರಿ.


ಬಲೆ ಮತ್ತು ಬರಹ
ಜುಲೈ 9, ಬೆಳಿಗ್ಗೆ

ನಾನು ಸೋಮವಾರಪೇಟೆಯವನು. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದೆ. 1969ರಲ್ಲಿ ಶುರುವಾದ ಕಾಲೇಜು. ಕಾಡಿನ ಹುಡುಗ ಮೀನು ಓದಲು ಯಾಕೆ ಹೋದ ಅಂತ ಊರಲ್ಲಿ ಎಲ್ಲರೂ ಕೇಳಿದ್ದರು. ಇವತ್ತು ಇಲ್ಲಿ ಹೇಳಲು ಒಂದು ವಿಷಯ ಇದೆ.

ಮಳೆಗಾಲದಲ್ಲಿ ಗಾಳಿ ನಮ್ಮ ಪಶ್ಚಿಮ ಕರಾವಳಿಯ ಉದ್ದಕ್ಕೂ ಬೀಸುವಾಗ ಮೇಲಿನ ನೀರು ದಡ ಬಿಟ್ಟು ಆಚೆ ಸರಿಯುತ್ತದೆ. ಆ ಜಾಗಕ್ಕೆ ಆಳದಿಂದ ತಣ್ಣನೆಯ ನೀರು ಮೇಲೇಳುತ್ತದೆ. ತಳದಲ್ಲಿ ಇರುವ ಸತ್ವ ಎಲ್ಲ ಅದರ ಜೊತೆ ಬರುತ್ತದೆ. ಘಟ್ಟದಿಂದ ಇಳಿಯುವ ಹೊಳೆಗಳೂ ಮಣ್ಣಿನ ಸಾರ ತಂದು ಸುರಿಯುತ್ತವೆ. ಬಿಸಿಲು ಸ್ವಲ್ಪ ಬಿದ್ದರೆ ಸಾಕು, ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಕೋಟಿಗಟ್ಟಲೆ ಹುಟ್ಟುತ್ತವೆ. ಬೂತಾಯಿ, ಅಂದರೆ ನಾವು ಮತ್ತಿ ಅನ್ನುವ ಮೀನು, ಅದನ್ನೇ ತಿಂದು ಬೆಳೆಯುವುದು. ಅದು ಮೊಟ್ಟೆ ಇಡುವುದೂ ಮಳೆಗಾಲದಲ್ಲೇ. ಮರಿಗಳಿಗೆ ಹುಟ್ಟಿದ ಕೂಡಲೇ ಊಟ ಸಿಗಬೇಕಲ್ಲ.

ಆ ಸಮಯದಲ್ಲಿ ಬಲೆ ಹಾಕಿದರೆ ಒಂದು ಮೀನಿನ ಜೊತೆ ಅದರ ಹೊಟ್ಟೆಯಲ್ಲಿರುವ ಸಾವಿರಾರು ಮೊಟ್ಟೆಯೂ ಹೋಗುತ್ತದೆ. ಸರ್ಕಾರ 61 ದಿನ ಅಂತ ಕಾನೂನು ಮಾಡಿದ್ದು ಈಚೆಗೆ. ಮಳೆಗಾಲದಲ್ಲಿ ದೋಣಿ ದಡಕ್ಕೆ ಎಳೆದು ನೂಲು ಹುಣ್ಣಿಮೆಗೆ ಪೂಜೆ ಮಾಡಿ ಇಳಿಸುವುದು ಮೊಗವೀರರಲ್ಲಿ ತಲೆಮಾರುಗಳಿಂದ ಇತ್ತು. ಕಡಲು ಒರಟಾಗಿರುತ್ತದೆ ಅನ್ನುವುದು ಒಂದು ಕಾರಣ. ಆದರೆ ಅದರಿಂದ ಮೀನಿಗೂ ಉಸಿರಾಡಲು ಬಿಡುವು ಸಿಗುತ್ತಿತ್ತು.

ಜೋಡುಪಾಲದ ಅಕ್ಕನಿಗೆ ಇನ್ನೊಂದು ಮಾತು. ನಿಮ್ಮ ಸಂಪಾಜೆ ಕಡೆಯ ನೀರು ಪಯಸ್ವಿನಿಗೆ ಸೇರುತ್ತದೆ. ಸುಳ್ಯ ದಾಟಿ, ಕಾಸರಗೋಡಿನ ಹತ್ತಿರ ಚಂದ್ರಗಿರಿ ಅನ್ನುವ ಹೆಸರಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ನಿಮ್ಮ ಮನೆ ಮಾಡಿನಿಂದ ಬಿದ್ದ ಮಳೆ ಆ ಕಡಲಿಗೇ ಹೋಗುವುದು.


ಪೊನ್ನಂಪೇಟೆ ಮೇಷ್ಟ್ರು
ಜುಲೈ 9, ಸಂಜೆ

ಮಕ್ಕಳಿಗೆ ನಾನು ನಕ್ಷೆ ಬಿಡಿಸಿ ತೋರಿಸುವ ವಿಷಯ ಇದು. ಕೊಡಗಿನ ಮಳೆ ಎರಡು ಕಡಲಿಗೆ ಹಂಚಿ ಹೋಗುತ್ತದೆ. ಬರಪೊಳೆ ಪಶ್ಚಿಮಕ್ಕೆ ಇಳಿದು ಕಣ್ಣೂರಿನ ವಳಪಟ್ಟಣ ಹೊಳೆ ಸೇರುತ್ತದೆ. ಕಾವೇರಿ, ಲಕ್ಷ್ಮಣತೀರ್ಥ, ಹಾರಂಗಿ ಪೂರ್ವಕ್ಕೆ. ಕಾವೇರಿ ತಮಿಳುನಾಡಿನ ಪೂಂಪುಹಾರದಲ್ಲಿ ಬಂಗಾಳ ಕೊಲ್ಲಿಗೆ ಸೇರುತ್ತಾಳೆ.

ನಾವು ಕಕ್ಕಡ ಹದಿನೆಂಟು ಅಂತ ಮದ್ದು ಸೊಪ್ಪಿನ ಪಾಯಸ ಮಾಡುವ ದಿನವೇ ಅಲ್ಲಿ ಆಡಿ ಹದಿನೆಂಟು. ಹೆಂಗಸರು ಹೊಳೆಯ ದಡಕ್ಕೆ ಬಂದು ಕಾವೇರಿಗೆ ಹೂವು, ಅರಿಶಿನ ಕೊಟ್ಟು ಪೂಜೆ ಮಾಡುತ್ತಾರೆ. ಹೊಸ ನೀರು ಬಂತು ಅಂತ. ನೀರು ಇಲ್ಲಿಂದ ಹೋದದ್ದು. ನಾನು ಒಂದು ವರ್ಷ ಆ ದಿನ ಶ್ರೀರಂಗಂ ಹತ್ತಿರ ಇದ್ದೆ. ನಮ್ಮ ಊರು ಕೊಡಗು ಅಂದ ಕೂಡಲೇ ಒಬ್ಬ ಅಜ್ಜಿ ನನ್ನ ಕೈ ಹಿಡಿದು, "ಅಮ್ಮನ ತವರಿನವರು" ಅಂದರು.


ನಾಪೋಕ್ಲು ಹುಡುಗ
ಜುಲೈ 9, ರಾತ್ರಿ

ಬೊಬ್ಬರ್ಯನ ವಿಷಯ ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಮುಸ್ಲಿಂ ಮನೆ. ನನ್ನ ತಾಯಿಯ ಕಡೆಯವರು ಮೂಲ್ಕಿ ಹತ್ತಿರದವರು. ಅಜ್ಜಿ ಹೇಳುತ್ತಿದ್ದ ಕಥೆ ಪ್ರಕಾರ ಬೊಬ್ಬರ್ಯ ಮುಸ್ಲಿಂ ವ್ಯಾಪಾರಿಯ ಮಗ. ಹಡಗಿನಲ್ಲಿ ಹೋದವನು ಕಡಲಲ್ಲೇ ಪ್ರಾಣ ಬಿಟ್ಟು ದೈವವಾದ. ತುಳು ಪಾಡ್ದನದಲ್ಲೂ ಹಾಗೇ ಹಾಡುತ್ತಾರೆ. ಅವನನ್ನು ನಂಬುವವರು ಮೊಗವೀರರು. ಸಣ್ಣವನಿದ್ದಾಗ ನನಗೆ ಇದು ವಿಚಿತ್ರ ಅನಿಸಲೇ ಇಲ್ಲ. ಯಾಕೆಂದರೆ ನಮ್ಮ ಎಮ್ಮೆಮಾಡು ದರ್ಗಾದ ಉರೂಸಿಗೆ ಎಲ್ಲ ಜಾತಿಯವರೂ ಬರುತ್ತಾರೆ, ಹರಕೆ ಹೊರುತ್ತಾರೆ. ನಮ್ಮ ಮನೆಯಲ್ಲಿ ಅವತ್ತು ಊಟಕ್ಕೆ ಕೊಡವ ಮನೆಯವರು, ಗೌಡರ ಮನೆಯವರು ಬರುವುದು ವಾಡಿಕೆ.

ಕಡಲಮಗಳು ಅಕ್ಕ, ಒಂದು ಕೇಳಬಹುದಾ? ಪೂಜೆಯ ಹೊತ್ತಿಗೆ ಕಡಲಲ್ಲಿ ಹೋದವರನ್ನೂ ನೆನೆಯುತ್ತೀರಾ?


ಕಡಲಮಗಳು
ಜುಲೈ 10, ಬೆಳಿಗ್ಗೆ

ಬಾಯಿಬಿಟ್ಟು ಹೇಳುವುದಿಲ್ಲ ತಮ್ಮ. ಆದರೆ ಎಲ್ಲರ ಮನಸ್ಸಲ್ಲಿ ಅದೇ ಇರುತ್ತದೆ.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟಿನಲ್ಲಿ ಏಳು ಜನ ಇದ್ದರು. ಸಂಪರ್ಕ ತಪ್ಪಿತು. ತಿಂಗಳುಗಟ್ಟಲೆ ಹುಡುಕಿದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಕಡಲ ತಳದಲ್ಲಿ ನೌಕಾಪಡೆಯವರಿಗೆ ಬೋಟಿನ ಅವಶೇಷ ಸಿಕ್ಕಿತು. ಆ ಏಳು ಜನ ಬರಲಿಲ್ಲ. ಆ ಐದು ತಿಂಗಳು ಬಂದರಿನಲ್ಲಿ ಯಾರೂ ಜೋರಾಗಿ ಮಾತಾಡಿದ್ದನ್ನು ಕೇಳಿಲ್ಲ ಅಂತ ಅಮ್ಮ ಹೇಳುತ್ತಾರೆ.

ಅದೇ ವರ್ಷದ ನೂಲು ಹುಣ್ಣಿಮೆಗೆ ನಾನು ಊರಿನಲ್ಲಿದ್ದೆ. ನನ್ನ ಪಕ್ಕದಲ್ಲಿ ಒಬ್ಬರು ಹಾಲು ಎರೆದರು, ಕೈ ಮುಗಿದರು, ಆಮೇಲೆ ಖಾಲಿ ಚೊಂಬನ್ನು ಎದೆಗೆ ಒತ್ತಿಕೊಂಡು ತುಂಬಾ ಹೊತ್ತು ಅಲ್ಲೇ ನಿಂತರು. ಯಾರೂ ಅವರನ್ನು ಕರೆಯಲಿಲ್ಲ. ಅವರು ತಿರುಗುವವರೆಗೆ ನಮ್ಮ ಸಾಲು ಕಾದಿತ್ತು.

ಬದುಕು ಕೊಡುವವಳೂ ಅವಳೇ, ಕರೆದುಕೊಳ್ಳುವವಳೂ ಅವಳೇ. ಸಿಟ್ಟು ಮಾಡಿ ಎಲ್ಲಿಗೆ ಹೋಗುವುದು? ಮರುದಿನ ಮತ್ತೆ ಅವಳ ಹತ್ತಿರವೇ ಹೋಗಬೇಕು. ಹಾಲು ಎರೆಯುವುದು ಅದಕ್ಕೆ.


ನಾಪೋಕ್ಲು ಹುಡುಗ
ಜುಲೈ 10, ಬೆಳಿಗ್ಗೆ

ಅರ್ಥ ಆಯಿತು ಅಕ್ಕ. ಜೋಡುಪಾಲದ ಅಕ್ಕ, ಜೀಪಿಗೆ ಡ್ರೈವರ್ ಬೇಕಾದರೆ ನಾನು ಬರುತ್ತೇನೆ. ಮಳೆಯಲ್ಲಿ ಸಂಪಾಜೆ ಘಾಟಿ ನನಗೆ ರೂಢಿ. ಬಾಡಿಗೆ ಬೇಡ, ಡೀಸೆಲ್ ಹಂಚಿಕೊಳ್ಳೋಣ.


ಜೋಡುಪಾಲದವಳು
ಜುಲೈ 10, ರಾತ್ರಿ

ಖಂಡಿತ ಬನ್ನಿ ತಮ್ಮ. ಅವ್ವನಿಗೆ ಹೇಳಿದೆ, ಆ ಹುಡುಗನಿಗೆ ಬೆಳಗಿನ ತಿಂಡಿ ನಾನೇ ಕಟ್ಟುತ್ತೇನೆ ಅಂದರು.

ಮಡಿಕೇರಿಯಿಂದ ಮಂಗಳೂರಿಗೆ ಸುಮಾರು 140 ಕಿಲೋಮೀಟರ್, ಅಲ್ಲಿಂದ ಮಲ್ಪೆಗೆ ಇನ್ನೊಂದು 60. ಮಳೆ ಇದ್ದರೆ ಐದು ಗಂಟೆ ಹಿಡಿಯಬಹುದು. ರಾತ್ರಿ ಎರಡಕ್ಕೆ ಹೊರಡೋಣ.


ಕಡಲಮಗಳು
ಜುಲೈ 10, ರಾತ್ರಿ

ದಾರಿಯಲ್ಲಿ ಉಚ್ಚಿಲ ಸಿಗುತ್ತದೆ, ಹೆದ್ದಾರಿ ಪಕ್ಕದಲ್ಲೇ. ಅಲ್ಲಿಯ ಮಹಾಲಕ್ಷ್ಮಿ ನಮ್ಮ ಮೊಗವೀರರ ಕುಲದೇವತೆ. ಇಳಿದು ಕೈಮುಗಿದು ಬನ್ನಿ. ಊಟ ನಮ್ಮ ಮನೆಯಲ್ಲೇ. ಅವತ್ತು ಮೀನು ಇರುವುದಿಲ್ಲ, ಮೊದಲೇ ಹೇಳುತ್ತೇನೆ.


ಜೋಡುಪಾಲದವಳು
ಹುಣ್ಣಿಮೆಯ ಮರುದಿನ

ಹೋಗಿ ಬಂದೆವು. ತುಂಬಾ ಜನ ಮೆಸೇಜ್ ಮಾಡಿ ಕೇಳಿದ್ದೀರಿ, ಅದಕ್ಕೆ ಬರೆಯುತ್ತೇನೆ.

ಘಾಟಿಯಲ್ಲಿ ಮಳೆ ಜೋರಿತ್ತು. ನಮ್ಮ ಹಳೇ ಜಾಗ ದಾಟುವಾಗ ಅವ್ವ ಗಾಜು ಇಳಿಸಿ ನೋಡಿದರು, ಕತ್ತಲಲ್ಲಿ ಏನೂ ಕಾಣಲಿಲ್ಲ. ಸುಳ್ಯ ದಾಟಿದ ಮೇಲೆ ಮಳೆ ಬಿಟ್ಟಿತು. ಉಚ್ಚಿಲಕ್ಕೆ ಬರುವಾಗ ಬೆಳಕಾಗಿತ್ತು.

ಹಾಲನ್ನು ಅವ್ವ ಕಂಚಿನ ಚೊಂಬಿನಲ್ಲಿ ತಂದಿದ್ದರು. ಆ ಚೊಂಬು ನಮ್ಮ ಮನೆಯಿಂದ ಉಳಿದ ಎರಡು ಮೂರು ಸಾಮಾನಿನಲ್ಲಿ ಒಂದು. ಮಣ್ಣು ತೆಗೆಯುವಾಗ ಸಿಕ್ಕಿದ್ದು, ಒಂದು ಬದಿ ನೆಗ್ಗಿದೆ. ಬಾಯಿಗೆ ಬಾಳೆ ಎಲೆ ಮುಚ್ಚಿ, ಬಾಳೆ ನಾರಿನಲ್ಲಿ ಬಿಗಿದು, ಇನ್ನೂರು ಕಿಲೋಮೀಟರ್ ತೊಡೆ ಮೇಲೆ ಇಟ್ಟುಕೊಂಡೇ ಬಂದರು. ಹಿಡಿಯಲು ಯಾರಿಗೂ ಕೊಡಲಿಲ್ಲ.

ಕಡಲಮಗಳ ಅಮ್ಮ ದಾರಿಯಲ್ಲೇ ಕಾದಿದ್ದರು. ಬೊಬ್ಬರ್ಯನ ಗುಡಿ, ಆಮೇಲೆ ಬಲರಾಮ ದೇವರು, ಆಮೇಲೆ ವಾದ್ಯದ ಹಿಂದೆ ನಡೆದುಕೊಂಡು ದಡಕ್ಕೆ. ಎಷ್ಟೊಂದು ಜನ! ಬಿಳಿ ಪಂಚೆ, ಹೊಸ ಸೀರೆ, ಮಕ್ಕಳ ಕೈಯಲ್ಲಿ ಹೂವು. ಕಡಲು ಕಂದು ಬಣ್ಣ ಇತ್ತು. ನಾನು ನೀಲಿ ಅಂದುಕೊಂಡಿದ್ದೆ. ನಮ್ಮ ಹೊಳೆಗಳ ಮಣ್ಣೂ ಅದರಲ್ಲಿ ಇರುತ್ತದೆ ಅಂತ ಆಮೇಲೆ ಹೊಳೆಯಿತು.

ನಾವು ಹಿಂದೆ ನಿಂತಿದ್ದೆವು. ಪೂಜೆ ಆಗಿ ಹಿರಿಯರು ಹಾಲು ಎರೆದ ಮೇಲೆ ಆ ಅಮ್ಮ ಬಂದು ನಮ್ಮ ಅವ್ವನ ಕೈ ಹಿಡಿದು ಮುಂದಕ್ಕೆ ಕರೆದುಕೊಂಡು ಹೋದರು. ಅವ್ವ ನೀರು ಕಾಲಿಗೆ ಮುಟ್ಟಿದಾಗ ಒಂದು ಹೆಜ್ಜೆ ಹಿಂದೆ ಬಂದರು. ನೀರು ಅಂದರೆ ಅವರಿಗೆ 2018ರಿಂದ ಹೆದರಿಕೆ, ರಾತ್ರಿ ಜೋರು ಮಳೆ ಬಂದರೆ ಈಗಲೂ ಎದ್ದು ಕೂರುತ್ತಾರೆ. ಆಮೇಲೆ ತಾವೇ ಮುಂದೆ ಹೋದರು. ಎಲೆ ಬಿಚ್ಚಿ ಹಾಲು ಎರೆದರು. ಅದೇ ಹೊತ್ತಿಗೆ ಒಂದು ಅಲೆ ಬಂತು, ಚೊಂಬು ಕೈಯಿಂದ ಜಾರಿ ನೀರಿಗೆ ಹೋಯಿತು. ನನ್ನ ಎದೆ ಧಸಕ್ಕೆಂದಿತು. ಪಕ್ಕದಲ್ಲಿದ್ದ ಒಬ್ಬ ಹುಡುಗ, ಹನ್ನೆರಡು ಹದಿಮೂರು ವರ್ಷ ಇರಬಹುದು, ಅಲೆ ವಾಪಸ್ ಹೋಗುವಾಗ ಓಡಿ ಅದನ್ನು ಹಿಡಿದು ತಂದು ಅವ್ವನ ಕೈಗೆ ಕೊಟ್ಟ. ಚೊಂಬಿನ ತಳದಲ್ಲಿ ಒಂದು ಹಿಡಿ ಮರಳು. ನಾನು ತೊಳೆಯಲು ಹೋದೆ. ಅವ್ವ ಬಿಡಲಿಲ್ಲ. ಅದನ್ನು ಹಾಗೇ ಎಲೆ ಮುಚ್ಚಿ ಕಟ್ಟಿದರು. ಈಗ ಆ ಚೊಂಬು ಮರಳಿನ ಸಮೇತ ದೇವರ ಮುಂದೆ ಇದೆ.

ಶಿಬಿರಕ್ಕೆ ಬಂದಿದ್ದ ಆ ಮನುಷ್ಯರು ಸಿಗಲಿಲ್ಲ. ಹೆಸರು ಗೊತ್ತಿಲ್ಲ, ಮುಖ ನನಗೆ ಸರಿ ನೆನಪಿಲ್ಲ, ಮಲ್ಪೆಯವರೋ ಬೇರೆ ಊರಿನವರೋ ಅದೂ ಗೊತ್ತಿಲ್ಲ. ಕಡಲಮಗಳ ಅಮ್ಮ ನಾಲ್ಕೈದು ಜನರ ಹತ್ತಿರ ವಿಚಾರಿಸಿದರು. ಒಬ್ಬರು ಹೇಳಿದರು, ಆ ವರ್ಷ ಸುಮಾರು ಜನ ಹೋಗಿದ್ದೆವು, ಯಾರು ಎಲ್ಲಿಗೆ ಹೋದದ್ದು ಅಂತ ಲೆಕ್ಕ ಇಟ್ಟವರಿಲ್ಲ ಅಂತ. ಅವ್ವ ಒಂದು ಕಾಯಿ ಜಾಸ್ತಿ ತಂದಿದ್ದರು. ಅದನ್ನು ಅವರ ಹೆಸರಲ್ಲಿ ಬಿಟ್ಟರು.

ಊಟಕ್ಕೆ ಹೋದಾಗ ಅಂಗಳದಲ್ಲಿ ಬಲೆ ರಾಶಿ ಇತ್ತು, ನೀಲಿ ಮತ್ತು ಹಸಿರು. ಕಡಲಮಗಳ ಅಪ್ಪ ಈಗ ಕಡಲಿಗೆ ಹೋಗುವುದಿಲ್ಲ, ಆದರೂ ಅಲ್ಲೇ ಕೂತು ಅಣ್ಣನ ಮಗನ ಬಲೆಯ ಗಂಟು ನೋಡುತ್ತಿದ್ದರು. ಕಾಲ್ಬೆರಳಲ್ಲಿ ಬಲೆ ಸಿಕ್ಕಿಸಿಕೊಂಡು. ಅವ್ವ ಅವರಿಗೆ ನಮ್ಮ ತೋಟದ ಕರಿಮೆಣಸು, ಒಂದು ಬಾಟಲಿ ಜೇನು ಕೊಟ್ಟರು. ನಾಪೋಕ್ಲು ತಮ್ಮ ಅವರ ಹತ್ತಿರ ಒಂದು ಗಂಟೆ ಕೂತು ಗಂಟು ಹಾಕುವುದು ಕಲಿತ. ಬರುವಾಗ ದಾರಿಯಿಡೀ ಅದೇ ಮಾತು.


ಏಲಕ್ಕಿಮಲೆ
ಹುಣ್ಣಿಮೆಯ ಮರುದಿನ, ರಾತ್ರಿ

ಒಂದೂ ಫೋಟೋ ಹಾಕಿಲ್ಲ ನೀವು. ಆದರೂ ಎಲ್ಲ ಕಾಣಿಸಿತು. ಮುಂದಿನ ವರ್ಷ ಅಜ್ಜಿಯನ್ನು ಕರೆದುಕೊಂಡು ನಾನೂ ಬರುತ್ತೇನೆ. ಆ ಅಮ್ಮನನ್ನು ಕೇಳಿ ಹೇಳಿ.


ಕಡಲಮಗಳು
ಆರು ದಿನದ ಮೇಲೆ

ಅಣ್ಣನ ಮಗನ ಬೋಟು ಇವತ್ತು ಬೆಳಗಿನ ಜಾವ ಬಂತು. ಎಲ್ಲರೂ ಕ್ಷೇಮ. ಅಮ್ಮ ಜೋಡುಪಾಲದ ಅಕ್ಕನ ಮನೆಗೆ ಅಂತ ಒಂದು ಬಾಕ್ಸ್ ಬಂಗುಡೆ ಐಸ್ ಹಾಕಿ ಲಾರಿಗೆ ಕೊಟ್ಟಿದ್ದಾರೆ. ಮೀನ್ ಗಾಡಿ ಅಣ್ಣನ ನಂಬರ್ ಕೊಟ್ಟಿದ್ದೇನೆ, ಅವರ ಹತ್ತಿರ ಇಳಿಸುತ್ತಾರೆ.


ಮೀನ್ ಗಾಡಿ
ಅದೇ ದಿನ, ಮಧ್ಯಾಹ್ನ

ಬಾಕ್ಸ್ ಬಂತು ಅಕ್ಕ. ಕಿವಿರು ಎತ್ತಿ ನೋಡಿದೆ, ರಕ್ತದ ಹಾಗೆ ಕೆಂಪಿದೆ. ಐಸ್ ಬದಲಾಯಿಸಿ ಇಟ್ಟಿದ್ದೇನೆ. ನಾನು ಮಡಿಕೇರಿ ಕಡೆ ಹೇಗೂ ಬರಬೇಕು, ಐದು ಗಂಟೆಯೊಳಗೆ ಮನೆಗೇ ತಂದುಕೊಡುತ್ತೇನೆ. ಅವ್ವನಿಗೆ ಮಸಾಲೆ ಅರೆದಿಡಲು ಹೇಳಿ.